ಮುರಿದ ಕೆಥೆಟರ್ ತುಂಡಿನ ತುದಿ ಸ್ನೇರ್‌ಗೆ (ತಂತಿಯ ಕುಣಿಕೆಗೆ) ಸಿಗದಿದ್ದರೆ?

ಕೇಳಿದವರು: ನಮ್ಮ ರೋಗಿಯೊಬ್ಬರಿಗೆ ಕೀಮೋ ಪೋರ್ಟ್ ಇದೆ (ಚರ್ಮದಡಿ ಇಡುವ ಪುಟ್ಟ ಡಬ್ಬಿ; ಅದರಿಂದ ಔಷಧವನ್ನು ರಕ್ತನಾಳಕ್ಕೆ ಒಯ್ಯುವ ಕೊಳವೆಯೇ ಕೆಥೆಟರ್). ಔಷಧ ಹಾಕುವಾಗ ಭುಜದ ಹತ್ತಿರ ನೋವು, ಊತ. ಎಕ್ಸ್‌ರೇ ತೆಗೆದರೆ ಕಾಲರ್ ಮೂಳೆಯ ಕೆಳಗೆ ಕೆಥೆಟರ್ ತುಂಡಾಗಿದೆ. ಮುರಿದ ತುಂಡಿನ ಒಂದು ತುದಿ ರೈಟ್ ವೆಂಟ್ರಿಕಲ್‌ನಲ್ಲಿದೆ (ಹೃದಯದ ಬಲ ಕೆಳಕೋಣೆ), ಇನ್ನೊಂದು ಪಲ್ಮನರಿ ಆರ್ಟರಿಯಲ್ಲಿ (ಶ್ವಾಸಕೋಶಕ್ಕೆ ಹೋಗುವ ನಾಳ). ರೋಗಿ ಆರಾಮಾಗಿದ್ದಾರೆ. ಎರಡೂ ತುದಿ ಗೋಡೆಗೆ ಒತ್ತಿಕೊಂಡಂತಿವೆ. ನೀವಾಗಿದ್ದರೆ ಹೇಗೆ ತೆಗೆಯುತ್ತೀರಿ?

ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್: ಸ್ನೇರ್ ಹಿಡಿದು ಗಾಳ ಹಾಕಿದ ಹಾಗೆ ಕಾಯುತ್ತಾ ಕೂರಬೇಡಿ. ಮೊದಲು ಬಿಡಿ ತುದಿ ಮಾಡಿಕೊಳ್ಳಬೇಕು. ನಾನು ತೊಡೆಯ ಫೆಮೊರಲ್ ವೇನ್‌ನಿಂದ ಪಿಗ್‌ಟೇಲ್ (ತುದಿ ಸುರುಳಿಯಾದ ಕೆಥೆಟರ್) ಒಯ್ಯುತ್ತೇನೆ. ಅದರ ಸುರುಳಿಯನ್ನು ತುಂಡಿನ ನಡುಭಾಗಕ್ಕೆ ಸಿಕ್ಕಿಸಿ, ನಿಧಾನಕ್ಕೆ ತಿರುಗಿಸಿ, ಕೆಳಗೆ ಎಳೆಯುತ್ತೇನೆ. ತುಂಡು ಹೃದಯದ ಕೆಳಗಿನ ದೊಡ್ಡ ಅಭಿಧಮನಿ ಇನ್ಫೀರಿಯರ್ ವೀನಾ ಕೇವಾಗೆ ಇಳಿದರೆ ಒಂದು ತುದಿ ಬಿಡಿಸಿಕೊಳ್ಳುತ್ತದೆ. ಆಮೇಲೆ ಸ್ನೇರ್ ಕೆಲಸ ಸುಲಭ. ಒಂದೇ ಕೋನದ ಚಿತ್ರ ನಂಬಬೇಡಿ. ತುಂಡು ಸ್ನೇರ್‌ನ ಲೂಪ್ ಒಳಗೇ ಇದೆ ಅನ್ನಿಸುತ್ತದೆ, ಓರೆಯಾಗಿ ನೋಡಿದರೆ ತುಂಡು ಅದರ ಹಿಂದಿರುತ್ತದೆ! ಲೂಪ್ ಬಿಗಿ ಮಾಡುವಾಗ ತಂತಿ ಎಳೆದರೆ ಜಾರಿಹೋಗುತ್ತದೆ. ತಂತಿ ಇದ್ದಲ್ಲೇ ಇರಲಿ, ಸ್ನೇರ್‌ನ ಕೆಥೆಟರ್ ಮುಂದಕ್ಕೆ ತಳ್ಳಿ.

ಕಾರ್ಡಿಯಾಲಜಿಸ್ಟ್: ಮೇಲಿನ ಮಾತಿಗೆ ಪೂರ್ತಿ ಒಪ್ಪಿಗೆ. ಷೀತ್ (ಉಪಕರಣ ಒಳಹೋಗಿ ಬರಲು ನಾಳಕ್ಕೆ ಹಾಕುವ ಕೊಳವೆ) ಮಾತ್ರ ದೊಡ್ಡದೇ ಹಾಕಿ. ನಡುವೆ ಹಿಡಿದ ತುಂಡು ಎರಡು ಮಡಿಕೆಯಾಗಿ ಬರುತ್ತದೆ, ಸಣ್ಣ ಷೀತ್‌ನ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ವೆಂಟ್ರಿಕಲ್ ದಾಟುವಾಗ ಕಣ್ಣು ಇಸಿಜಿ ಮೇಲಿರಲಿ, ಎಕ್ಟೋಪಿಕ್ ಬೀಟ್ (ಲಯ ತಪ್ಪಿದ ಬಡಿತ) ಬಂದೇ ಬರುತ್ತವೆ. ಎಳೆದಾಗ ತಡೆ ಸಿಕ್ಕರೆ ನಿಲ್ಲಿಸಿ. ಟ್ರೈಕಸ್ಪಿಡ್ ಕವಾಟದ ಎಳೆಗಳು ಸಿಕ್ಕಿರಬಹುದು. ಹಳೇ ತುಂಡು ಗೋಡೆಗೆ ಗಟ್ಟಿಯಾಗಿ ಅಂಟಿದ್ದರೆ ಬಿಡುವುದೂ ಒಂದು ನಿರ್ಧಾರವೇ, ಅಲ್ವಾ? ಅಂದಹಾಗೆ, ಇದು ಹೊಸ ವಿದ್ಯೆ ಏನಲ್ಲ. 1964ರಲ್ಲೇ ಮುರಿದ ಗೈಡ್‌ವೈರ್ (ಕೆಥೆಟರ್‌ಗೆ ದಾರಿ ಮಾಡುವ ತಂತಿ) ತುಂಡನ್ನು ಎದೆ ತೆರೆಯದೆ ಬ್ರಾಂಕೋಸ್ಕೋಪಿ ಫೋರ್ಸೆಪ್ಸ್‌ನಿಂದ (ಶ್ವಾಸನಾಳ ಪರೀಕ್ಷೆಯ ಇಕ್ಕಳ) ತೆಗೆದಿದ್ದರು.

ಆಂಕಾಲಜಿ ನರ್ಸ್: ತೆಗೆದ ತುಂಡನ್ನೂ ಪೋರ್ಟ್ ಜೊತೆ ಉಳಿದ ಭಾಗವನ್ನೂ ಪಕ್ಕಪಕ್ಕ ಇಟ್ಟು ಅಳೆಯಿರಿ. ಹಾಕಿದಾಗ ಬರೆದ ಉದ್ದಕ್ಕೆ ತಾಳೆಯಾಗಬೇಕು. ನಮಗೆ ಜಾಸ್ತಿ ತಲೆನೋವು ಪಿಕ್ ಲೈನ್ (ತೋಳಿನ ನಾಳದಿಂದ ಹೃದಯದ ಹತ್ತಿರದವರೆಗೆ ಹಾಕುವ ಉದ್ದ ಕೆಥೆಟರ್). ಅದು ತೆಗೆಯುವಾಗ ತೋಳಿನಲ್ಲೇ ತುಂಡಾದರೆ ತಕ್ಷಣ ಕಂಕುಳಿನ ಹತ್ತಿರ ಟೂರ್ನಿಕೆ (ಬಿಗಿಪಟ್ಟಿ) ಕಟ್ಟಿ, ಮಣಿಕಟ್ಟಿನ ನಾಡಿ ಸಿಗುವಷ್ಟೇ ಬಿಗಿಯಾಗಿ. ಕೈ ಅಲ್ಲಾಡಿಸಲು ಬಿಡಬೇಡಿ. ಎಕ್ಸ್‌ರೇಗೆ ಹೇಳಿ.

ಸರ್ಜನ್: ಇದು ಪಿಂಚ್-ಆಫ್ ಥರ ಕಾಣುತ್ತಿದೆ. ಕಾಲರ್ ಮೂಳೆಗೂ ಮೊದಲ ಪಕ್ಕೆಲುಬಿಗೂ ನಡುವೆ ಕೆಥೆಟರ್ ನುಜ್ಜಾಗಿರುತ್ತದೆ. ಹಳೇ ಎಕ್ಸ್‌ರೇ ತೆಗೆದು ನೋಡಿ, ಅಲ್ಲೇ ಕಿರಿದಾಗಿದ್ದು ಕಾಣಬಹುದು. ಮುಂದಿನ ಪೋರ್ಟ್ ಕುತ್ತಿಗೆಯ ಜ್ಯೂಗುಲರ್ ವೇನ್‌ನಿಂದ ಹಾಕಿ.