ಕೇಂದ್ರಾಪಗಾಮಿ ನೂಲುವಿಕೆಯಲ್ಲಿ ಎಳೆಯ ಬದಲು ಹನಿ ಬೀಳುತ್ತಿರುವುದೇಕೆ?

ಪ್ರಶ್ನೆ (ಚಿಕ್ಕಬಳ್ಳಾಪುರ, ಎಂಜಿನಿಯರಿಂಗ್ ವಿದ್ಯಾರ್ಥಿ):

ಎಲೆಕ್ಟ್ರೋಸ್ಪಿನ್ನಿಂಗ್‌ಗೆ (ವಿದ್ಯುತ್ ಬಲದಿಂದ ಸೂಕ್ಷ್ಮ ನಾರು ಎಳೆಯುವ ವಿಧಾನ) ಬೇಕಾದ ಅಧಿಕ ವೋಲ್ಟೇಜಿನ ಉಪಕರಣ ನಮ್ಮ ಕೈಗೆಟುಕದ ಕಾರಣ, ಕೇಂದ್ರಾಪಗಾಮಿ ಬಲದಿಂದ ಸೂಕ್ಷ್ಮ ನಾರು ತೆಗೆಯುವ ಸಣ್ಣ ಯಂತ್ರವೊಂದನ್ನು ಕಾಲೇಜಿನ ಯೋಜನೆಗಾಗಿ ಕಟ್ಟಿದ್ದೇವೆ. ಅಲ್ಯೂಮಿನಿಯಂ ಬಟ್ಟಲಿಗೆ ಎದುರುಬದುರಾಗಿ ಎರಡು ಸೂಜಿಗಳಿದ್ದು, ಅವುಗಳ ತುದಿ ಅಕ್ಷದಿಂದ 3 ಸೆಂ.ಮೀ. ದೂರದಲ್ಲಿದೆ, ವೇಗ ನಿಮಿಷಕ್ಕೆ 6000 ಸುತ್ತು. ಎಥನಾಲಿನಲ್ಲಿ ಶೇ. 20ರಷ್ಟು ಪಿವಿಪಿ ಕೆ-30 (ಸರಪಳಿಯಂಥ ಅಣುಗಳ ಪಾಲಿಮರ್ ಆದ ಪಾಲಿವಿನೈಲ್ ಪೈರೊಲಿಡೋನಿನ ಒಂದು ದರ್ಜೆ) ಕರಗಿಸಿ, ಜಿಂಕ್ ಆಕ್ಸೈಡ್ ನ್ಯಾನೋ ಪುಡಿ ಬೆರೆಸಿದ್ದೇವೆ. ಸುತ್ತ ನಿಲ್ಲಿಸಿದ ಕಡ್ಡಿಗಳ ಮೇಲೆ ನಾರಿನ ಬದಲು ಹನಿಗಳೇ ಅಂಟುತ್ತಿವೆ, ವೇಗ ಹೆಚ್ಚಿಸಿದರೆ ಇನ್ನಷ್ಟು ಸಿಡಿಯುತ್ತವೆ. ಸೂಕ್ಷ್ಮಾಣು ತಡೆಯುವ, ನೀರು ಸೋಸುವ ಬಟ್ಟೆ ಮಾಡುವುದು ನಮ್ಮ ಉದ್ದೇಶ. ಮೋಟಾರು ಬದಲಿಸಬೇಕೆ?

ಉತ್ತರ 1 (ತುಮಕೂರು, ಪಾಲಿಮರ್ ವಿಷಯದ ಬೋಧಕ):

ಮೋಟಾರಿನ ಗೊಡವೆ ಬೇಡ. ನೀವು ಕೊಟ್ಟ ಅಳತೆಯಲ್ಲಿ ಸೂಜಿಯ ತುದಿಯಲ್ಲಿ ಗುರುತ್ವದ ಸುಮಾರು 1200 ಪಟ್ಟು ವೇಗೋತ್ಕರ್ಷವಿದೆ, ಅದು ಧಾರಾಳವಾಯಿತು. ತೊಂದರೆ ಇರುವುದು ಪಾಲಿಮರಿನ ದರ್ಜೆಯಲ್ಲಿ. ಕೆ-30ರ ಅಣುತೂಕ ಸುಮಾರು 40ರಿಂದ 50 ಸಾವಿರದ ಆಸುಪಾಸಿನದು. ಇಷ್ಟು ಗಿಡ್ಡ ಸರಪಳಿಗಳು ಶೇ. 20ರ ದ್ರಾವಣದಲ್ಲಿಯೂ ಒಂದಕ್ಕೊಂದು ಸಾಕಷ್ಟು ಹೆಣೆದುಕೊಳ್ಳುವುದಿಲ್ಲ. ಸೂಜಿಯಿಂದ ಹೊರಟ ಧಾರೆಯನ್ನು ಮೇಲ್ಮೈ ಎಳೆತವು ಸದಾ ಹನಿಗಳಾಗಿ ಒಡೆಯಲು ನೋಡುತ್ತದೆ, ಅದನ್ನು ತಡೆದು ಧಾರೆ ತುಂಡಾಗದೆ ಜಗ್ಗುವಂತೆ ಮಾಡುವುದು ಈ ಹೆಣಿಗೆಯೇ. ಅದಿಲ್ಲದಿದ್ದಾಗ ವೇಗ ಹೆಚ್ಚಿಸಿದರೆ ಧಾರೆ ಕಡ್ಡಿಯನ್ನು ಇನ್ನೂ ಬೇಗ ತಲುಪುತ್ತದೆ, ಎಥನಾಲ್ ಆರಲು ಸಮಯವೂ ಸಿಗದೆ ಸಿಡಿತ ಜಾಸ್ತಿಯಾಗುತ್ತದೆ.

ಪಿವಿಪಿಯದೇ ಉದ್ದ ಸರಪಳಿಯ ದರ್ಜೆಯಾದ ಕೆ-90 ತರಿಸಿ. ಶೇ. 10ರಿಂದ ಆರಂಭಿಸಿ ಸ್ವಲ್ಪಸ್ವಲ್ಪವಾಗಿ ಏರಿಸುತ್ತ, ಪ್ರತಿ ಸಲವೂ ಗಾಜಿನ ಕಡ್ಡಿಯನ್ನು ಅದ್ದಿ ಎತ್ತಿ ನೋಡಿ. ಅಡುಗೆಮನೆಯ ಒಂದೆಳೆ ಪಾಕದಂತೆ ಹನಿ ಕಡಿಯದೆ ಎಳೆಯಾಗಿ ಇಳಿದರೆ ಮಾತ್ರ ಬಟ್ಟಲಿಗೆ ಸುರಿಯಿರಿ. ಮಳೆಗಾಲದಲ್ಲಿ ಪಿವಿಪಿ ಗಾಳಿಯ ತೇವವನ್ನು ಹೀರಿ ನಾರುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ನಿಮ್ಮೂರಿನ ಮಾರ್ಚ್ ತಿಂಗಳ ಒಣಹವೆ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಇನ್ನೊಂದು ಮಾತು: ಬ್ರಷ್ ಇರುವ ಮೋಟಾರು ಕಿಡಿ ಹಾರಿಸುತ್ತದೆ, ಎಥನಾಲ್ ಆವಿಯ ಬಳಿ ಅದನ್ನು ಇಡಲೇಬಾರದು.

ಉತ್ತರ 2 (ಕೋಲಾರ, ಸಂಶೋಧನಾ ವಿದ್ಯಾರ್ಥಿ):

ಮೇಲಿನ ಮಾತು ಸರಿ, ಆದರೆ ಜಿಂಕ್ ಆಕ್ಸೈಡಿನ ಕಡೆಗೂ ಗಮನ ಕೊಡಬೇಕು. ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ 5.6 ಗ್ರಾಂ. ದ್ರಾವಣವನ್ನು ಹೊರತಳ್ಳುವ ಬಲವೇ ಈ ಭಾರದ ಕಣಗಳನ್ನೂ ಬಟ್ಟಲಿನ ಗೋಡೆಗೆ ತಳ್ಳುತ್ತದೆ, ಅಂದರೆ ನಿಮ್ಮ ಯಂತ್ರವು ನೂಲುತ್ತಿರುವಾಗಲೇ ಸೆಂಟ್ರಿಫ್ಯೂಜಿನ ಕೆಲಸವನ್ನೂ ಮಾಡುತ್ತಿರುತ್ತದೆ. ಕಣ ಸರಿಯುವ ವೇಗ ಅದರ ವ್ಯಾಸದ ವರ್ಗಕ್ಕೆ ಅನುಗುಣವಾಗಿರುವುದರಿಂದ, ನೀರಿಗಿಂತ ಸಾವಿರ ಪಟ್ಟು ಸ್ನಿಗ್ಧವಾದ ದ್ರಾವಣದಲ್ಲಿಯೂ 10 ಮೈಕ್ರೋಮೀಟರಿನ ಗಂಟೊಂದು ನಿಮಿಷದಲ್ಲಿ ಹತ್ತಿರಹತ್ತಿರ 2 ಸೆಂ.ಮೀ. ಜರುಗಿ ಸೂಜಿಯ ಬಾಯನ್ನು ಕಟ್ಟಬಲ್ಲದು. 100 ನ್ಯಾನೋಮೀಟರಿನ ಬಿಡಿ ಕಣ ಅಷ್ಟರಲ್ಲಿ 2 ಮೈಕ್ರೋಮೀಟರಿನಷ್ಟೇ ಸರಿದಿರುತ್ತದೆ. ಹಾಗಾಗಿ ಪುಡಿಯನ್ನು ಮೊದಲು ಬರಿಯ ಎಥನಾಲಿನಲ್ಲಿ ಅಲ್ಟ್ರಾಸಾನಿಕ್ ಸಾಧನದಿಂದ ಬಿಡಿಸಿ, ಪಾಲಿಮರನ್ನು ಆಮೇಲೆ ಕರಗಿಸಿ, ತಡಮಾಡದೆ ನೂಲಬೇಕು.

ಸೋಸುಬಟ್ಟೆಯ ವಿಚಾರದಲ್ಲಿ ನನಗೆ ಅನುಮಾನವಿದೆ. ಪಿವಿಪಿ ನೀರಿನಲ್ಲಿಯೇ ಕರಗುವ ಪಾಲಿಮರ್, ಮೊದಲ ಲೋಟಕ್ಕೇ ಬಟ್ಟೆ ಮಾಯವಾದೀತು.

ಉತ್ತರ 3 (ಶಿಡ್ಲಘಟ್ಟ, ರೇಷ್ಮೆ ರೀಲರ್):

ನಮ್ಮಲ್ಲಿ ಗೂಡು ಬಿಚ್ಚಿದ ಮೇಲೆ ಉಳಿಯುವ ರೇಷ್ಮೆ ತ್ಯಾಜ್ಯ ಮೂಟೆಗಟ್ಟಲೆ ಅಗ್ಗಕ್ಕೆ ಹೋಗುತ್ತದೆ. ರೇಷ್ಮೆಯೂ ಪಾಲಿಮರೇ ಅಲ್ಲವೇ? ಅದನ್ನು ಕರಗಿಸಿ ಇದೇ ಯಂತ್ರದಲ್ಲಿ ತೆಗೆಯಲು ಬರುತ್ತದೆಯೇ?

ಉತ್ತರ 4 (ತುಮಕೂರು, ಪಾಲಿಮರ್ ವಿಷಯದ ಬೋಧಕ):

ಬರುತ್ತದೆ, ಆದರೆ ಶ್ರಮವಿದೆ. ತ್ಯಾಜ್ಯವನ್ನು 0.02 ಮೋಲಾರ್ ಸೋಡಿಯಂ ಕಾರ್ಬೊನೇಟಿನಲ್ಲಿ ಅರ್ಧ ಗಂಟೆ ಕುದಿಸಿ ಸೆರಿಸಿನ್ ಎಂಬ ಅಂಟನ್ನು ತೆಗೆದು, ಉಳಿದ ಫೈಬ್ರೋಯಿನನ್ನು (ರೇಷ್ಮೆ ಎಳೆಯ ಮುಖ್ಯ ಪ್ರೋಟೀನು) 9.3 ಮೋಲಾರ್ ಲಿಥಿಯಂ ಬ್ರೋಮೈಡಿನಲ್ಲಿ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ, ಡಯಾಲಿಸಿಸ್ ಮೂಲಕ, ಅಂದರೆ ಸೂಕ್ಷ್ಮ ರಂಧ್ರಗಳ ಪೊರೆಯಲ್ಲಿಟ್ಟು, ಉಪ್ಪನ್ನು ಹೊರಹಾಕಬೇಕು. ದುಡ್ಡು ಖರ್ಚಾಗುವುದು ಆ ಲಿಥಿಯಂ ಬ್ರೋಮೈಡಿಗೇ. ಹೀಗೆ ದೊರೆತ ನೀರಿನ ದ್ರಾವಣ ತೆಳ್ಳಗಿರುವುದರಿಂದ, ಎಳೆ ಬರಲು ಉದ್ದ ಸರಪಳಿಯ ಪಾಲಿಎಥಿಲೀನ್ ಆಕ್ಸೈಡನ್ನು ಸ್ವಲ್ಪ ಬೆರೆಸುವುದು ರೂಢಿ. ನೀರು ಎಥನಾಲಿಗಿಂತ ನಿಧಾನವಾಗಿ ಆರುತ್ತದಾದ್ದರಿಂದ ಕಡ್ಡಿಗಳನ್ನು ಇನ್ನೂ ದೂರ ಇಡಬೇಕು.

ಪ್ರಶ್ನೆ ಕೇಳಿದವರಿಗೆ ಇದರಲ್ಲಿ ಒಂದು ಲಾಭವಿದೆ: ಒಣಗಿದ ಫೈಬ್ರೋಯಿನ್ ನಾರನ್ನು ಮೆಥನಾಲಿನಲ್ಲಿ ಅದ್ದಿದರೆ ಅದರ ಅಣುಗಳು ಬೀಟಾ ಹಾಳೆಗಳೆಂಬ ಒತ್ತಾದ ಪದರಗಳಾಗಿ ಜೋಡಣೆಗೊಂಡು ನಾರು ನೀರಿನಲ್ಲಿ ಕರಗದಂತಾಗುತ್ತದೆ. ಕೆ-90ರಲ್ಲಿ ಯಂತ್ರವನ್ನು ಹದಕ್ಕೆ ತಂದುಕೊಂಡ ಮೇಲೆ ಶಿಡ್ಲಘಟ್ಟದ ತ್ಯಾಜ್ಯಕ್ಕೆ ಕೈಹಾಕಿ. ಫೈಬ್ರೋಯಿನ್ ದ್ರಾವಣ ಹೆಚ್ಚು ದಿನ ಇಟ್ಟರೆ ತಾನಾಗಿಯೇ ಜೆಲ್ ಆಗುತ್ತದೆ, ಯಂತ್ರ ಸರಿಹೋಗುವವರೆಗೆ ಅದು ಕಾಯುವುದಿಲ್ಲ.