ನಕ್ಷತ್ರವೇ ಅಲ್ಲದ್ದಕ್ಕೆ ‘ಆಸ್ಟರಾಯ್ಡ್’ ಎಂಬ ಹೆಸರೇಕೆ?

ಪ್ರಶ್ನೆ:
ಗ್ರೀಕಿನಲ್ಲಿ ‘ಆಸ್ಟರ್’ ಅಂದರೆ ನಕ್ಷತ್ರ. ಆಸ್ಟರಾಯ್ಡ್ ನೋಡಿದರೆ ಸೂರ್ಯನನ್ನು ಸುತ್ತುವ ಬಂಡೆ, ಸ್ವಂತ ಬೆಳಕೂ ಇಲ್ಲ. ಏನು ನೋಡಿ ಈ ಹೆಸರಿಟ್ಟರು? ಆಸ್ಟರಿಸ್ಕ್, ಡಿಸಾಸ್ಟರ್, ಕನ್ಸಿಡರ್ ಕೂಡ ಇದೇ ಬೇರಿನವೇ?

ಉತ್ತರ 1:
ಕಂಡದ್ದನ್ನು ನೋಡಿ ಇಟ್ಟ ಹೆಸರು, ಒಳಗೇನಿದೆ ಎಂದು ತಿಳಿದು ಇಟ್ಟದ್ದಲ್ಲ. ಇಟಲಿಯ ಪಲೆರ್ಮೋದಲ್ಲಿ ಖಗೋಳಜ್ಞ ಪಿಯಾಜಿ 1801ರ ಜನವರಿ 1ರಂದು ಇಂಥ ಮೊದಲ ಕಾಯವಾದ ಸೆರೆಸ್ ಕಂಡುಹಿಡಿದರು. 1802ರ ಮಾರ್ಚ್‌ನಲ್ಲಿ ಓಲ್ಬರ್ಸ್‌ಗೆ ಎರಡನೆಯದಾದ ಪಲ್ಲಾಸ್ ಸಿಕ್ಕಿತು. ಗ್ರಹ ಅನ್ನೋಣವೆಂದರೆ ದೂರದರ್ಶಕದಲ್ಲಿ ದುಂಡನೆಯ ಬಿಲ್ಲೆಯಾಗಿ ಕಾಣುತ್ತಿಲ್ಲ, ಧೂಮಕೇತು ಅನ್ನೋಣವೆಂದರೆ ಬಾಲವಿಲ್ಲ. ಪಕ್ಕದ ನಕ್ಷತ್ರಗಳಂತೆಯೇ ಬರೀ ಚುಕ್ಕಿ. ಅದೇ ವರ್ಷ ಖಗೋಳಜ್ಞ ವಿಲಿಯಂ ಹರ್ಷೆಲ್ ‘ಆಸ್ಟರ್’ ಜೊತೆಗೆ ‘ರೂಪ’ ಎಂಬರ್ಥದ ‘ಐಡೋಸ್’ ಸೇರಿದ ಈ ಪದವನ್ನು ಬಳಕೆಗೆ ತಂದರು. ನಕ್ಷತ್ರದ ಹಾಗೆ ಕಾಣುವಂಥದ್ದು, ಅಷ್ಟೆ. ಪ್ಲಾನೆಟಾಯ್ಡ್ (ಗ್ರಹದಂಥದ್ದು) ಎಂಬ ಪದವೇ ಹೆಚ್ಚು ಒಪ್ಪುತ್ತಿತ್ತು ಅಂತ ನನ್ನ ಅನಿಸಿಕೆ.

ಉತ್ತರ 2:
ಚುಕ್ಕಿಯಾಗಿ ಕಾಣಲು ಕಾರಣ ಗಾತ್ರ. ಸೆರೆಸ್‌ನ ವ್ಯಾಸ ಸುಮಾರು 940 ಕಿ.ಮೀ. ತೀರಾ ಹತ್ತಿರ ಬಂದಾಗಲೂ ಅದರ ಕೋನೀಯ ಅಗಲ (ಆಕಾಶದಲ್ಲಿ ನಮಗೆ ಕಾಣುವ ಅಗಲ) ಡಿಗ್ರಿಯ 3600ನೇ ಒಂದು ಭಾಗವಾದ 1 ಆರ್ಕ್‌ಸೆಕೆಂಡ್ ಮುಟ್ಟುವುದಿಲ್ಲ. ನಮ್ಮ ವಾತಾವರಣದ ಅಲುಗಾಟವೇ ನಕ್ಷತ್ರದ ಬಿಂಬವನ್ನು 1–2 ಆರ್ಕ್‌ಸೆಕೆಂಡ್ ಹರಡಿಸುತ್ತದೆ. ವರ್ಧನೆ ಏರಿಸಿದರೆ ಮಸುಕು ದೊಡ್ಡದಾಗುತ್ತದೆಯೇ ಹೊರತು ಬಿಲ್ಲೆ ಮೂಡುವುದಿಲ್ಲ.

ಹಾಗಾಗಿ ಇವತ್ತಿಗೂ ಗುರುತು ಚಲನೆಯಿಂದಲೇ. ಐಪೀಸ್‌ನಲ್ಲಿ (ದೂರದರ್ಶಕದಲ್ಲಿ ಕಣ್ಣಿಟ್ಟು ನೋಡುವ ಮಸೂರ) ಕಾಣುವ ಚುಕ್ಕಿಗಳನ್ನು ಕಾಗದದ ಮೇಲೆ ಗುರುತು ಹಾಕಿಕೊಳ್ಳಿ, ಮರುರಾತ್ರಿ ಅದೇ ಜಾಗ ನೋಡಿ, ಸರಿದದ್ದೇ ಆಸ್ಟರಾಯ್ಡ್. ಸೆರೆಸ್ ಆಕಾಶದಲ್ಲಿ ಸೂರ್ಯನಿಗೆ ನೇರ ಎದುರಿರುವಾಗ ದಿನಕ್ಕೆ ಸುಮಾರು 0.2 ಡಿಗ್ರಿ ಸರಿಯುತ್ತದೆ. ಆ ಸಮಯಕ್ಕೆ ಕೆಲವು ವಾರ ಮೊದಲು ಮತ್ತು ಕೆಲವು ವಾರ ನಂತರ ದಿಕ್ಕು ಬದಲಿಸುವಾಗ ಹೆಚ್ಚುಕಡಿಮೆ ನಿಂತೇಬಿಡುತ್ತದೆ, ಆಗ ಎರಡು ರಾತ್ರಿ ಸಾಲದು. ಇನ್ನೊಂದು: ಒಂದು ದಿನ ಡಯಾಗನಲ್ ಕನ್ನಡಿ (ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಓರೆ ಕನ್ನಡಿ) ಹಾಕಿ, ಮಾರನೇ ದಿನ ಹಾಕದೆ ನೋಡಿದರೆ ಬಿಂಬ ಎಡಬಲ ತಿರುಗಿ ಚಿತ್ರ ತಾಳೆಯಾಗುವುದಿಲ್ಲ.

ಉತ್ತರ 3:
ಉಳಿದ ಪದಗಳ ವಿಚಾರ. ಆಸ್ಟರಿಸ್ಕ್ (* ಚಿಹ್ನೆ) ಹೌದು, ಗ್ರೀಕಿನ ‘ಪುಟ್ಟ ನಕ್ಷತ್ರ’. ಡಿಸಾಸ್ಟರ್ ಕೂಡ ಹೌದು: ಇಟಾಲಿಯನ್ನಿನ ‘ಡಿಸಾಸ್ಟ್ರೋ’, ಫ್ರೆಂಚ್ ಮೂಲಕ 16ನೇ ಶತಮಾನದ ಕೊನೆಗೆ ಇಂಗ್ಲಿಷಿಗೆ ಬಂತು, ಕೆಟ್ಟ ಗ್ರಹಗತಿ ಅನ್ನುತ್ತೇವಲ್ಲ, ಅದೇ. ಕನ್ಸಿಡರ್ ಈ ಗುಂಪಿನದಲ್ಲ. ಅದಕ್ಕೆ ನಕ್ಷತ್ರ ಎಂಬರ್ಥದ್ದೇ ಆದ ಲ್ಯಾಟಿನ್ನಿನ ‘ಸಿಡಸ್’ ಮೂಲವೆನ್ನುತ್ತಾರೆ, ಅದೂ ಊಹೆಯೇ. ‘ಸಿಡಸ್’ ನಿಸ್ಸಂದೇಹವಾಗಿ ಇರುವುದು ಸೈಡೀರಿಯಲ್‌ನಲ್ಲಿ, ಅಂದರೆ ನಕ್ಷತ್ರಗಳನ್ನು ಆಧಾರವಾಗಿಟ್ಟು ಅಳೆಯುವ 23 ಗಂಟೆ 56 ನಿಮಿಷ 4 ಸೆಕೆಂಡಿನ ನಾಕ್ಷತ್ರಿಕ ದಿನದಲ್ಲಿ. ಸ್ಟಾರ್, ಆಸ್ಟರ್, ಸಂಸ್ಕೃತದಿಂದ ನಮಗೆ ಬಂದ ತಾರೆ ಮೂರೂ ಒಂದೇ ಇಂಡೋ-ಯುರೋಪಿಯನ್ ಬೇರಿನವು. ಸ್ಟೆರಾಯ್ಡನ್ನು ಮಾತ್ರ ಈ ಪಟ್ಟಿಗೆ ಸೇರಿಸಬೇಡಿ. ಅದು ‘ಗಟ್ಟಿ’ ಎಂಬರ್ಥದ ‘ಸ್ಟೀರಿಯೋಸ್’ ಕಡೆಯದು.