ಎರಡು ಬಣ್ಣದ ಉಣ್ಣೆ ಸಾಕ್ಸ್ ಹಿಮ್ಮಡಿ ದಾಟುತ್ತಿಲ್ಲ, ಏನು ಮಾಡಲಿ?

ಅಪ್ಪ ಶಿರಸಿಯಲ್ಲಿದ್ದಾರೆ, ಡಿಸೆಂಬರ್ ಚಳಿಗೆ ಅಂತ ಸಾಕ್ಸ್ ಹೆಣೆಯುತ್ತಿದ್ದೇನೆ. ಬಣ್ಣ ಹಾಕದ ಬಿಳಿ ಮತ್ತು ಕಂದು ಉಣ್ಣೆ. ಡಿಸೈನ್ ಶುರುವಾದ ಕಡೆ ಬಿಗಿಯಾಗಿ ಹಿಮ್ಮಡಿ ಮೇಲೆ ಏರುವುದೇ ಇಲ್ಲ. ಹೆಣೆದವರು ಹೇಳಿ. (ಕಾರವಾರ)

ತಂಗಿ, ಮೊದಲು ಒಳಮೈ ತಿರುಗಿಸಿ ನೋಡು. ಒಂದು ಬಣ್ಣ ಹೆಣೆಯುವಾಗ ಇನ್ನೊಂದು ಹಿಂದೆ ಅಡ್ಡ ಹೋಗುತ್ತದಲ್ವಾ, ಆ ಎಳೆ ಬಿಗಿಯಾಗಿದ್ದರೆ ಕುಣಿಕೆ ಎಷ್ಟು ಜಾಸ್ತಿ ಮಾಡಿದರೂ ಸಾಕ್ಸ್ ಹಿಗ್ಗುವುದಿಲ್ಲ. ಬಣ್ಣ ಬದಲಿಸುವ ಮೊದಲು ಬಲಗೈ ಕಡ್ಡಿಯ ಮೇಲಿನ ಕುಣಿಕೆಗಳನ್ನು ಬೆರಳಲ್ಲಿ ಅಗಲಕ್ಕೆ ಸರಿಸು, ಆಮೇಲೆ ಹೊಸ ಬಣ್ಣದ ಎಳೆ ತಾ. ಒಂದು ಕಡ್ಡಿ ಮುಗಿದು ಇನ್ನೊಂದು ಶುರುವಾಗುವ ಮೂಲೆಯಲ್ಲೇ ಎಳೆ ಜಾಸ್ತಿ ಬಿಗಿಯುವುದು. ಅದಕ್ಕೆ ನಾನು ಸಾಕ್ಸನ್ನು ಒಳಮೈ ಹೊರಗೆ ಬರುವ ಹಾಗೆ ಹಿಡಿದು ಹೆಣೆಯುತ್ತೇನೆ, ಆಗ ಎಳೆ ಹೊರಗಿನ ಸುತ್ತಿನಲ್ಲಿ ಹೋಗುವುದರಿಂದ ತಾನಾಗೇ ಸಡಿಲ ಬೀಳುತ್ತದೆ. ಡಿಸೈನ್ ಇರುವಷ್ಟಕ್ಕೆ ಕಡ್ಡಿಯನ್ನೂ ಒಂದು ಸೈಜ್ ದಪ್ಪ ಮಾಡು, 2.5 ಮಿ.ಮೀ. ಇದ್ದರೆ 2.75.

ಹಿಂದೆ ಐದು ಕುಣಿಕೆಗಿಂತ ಉದ್ದಕ್ಕೆ ಹೋಗುವ ಎಳೆಯನ್ನು ನಡುವೆ ಒಮ್ಮೆ ಹೆಣೆಯುತ್ತಿರುವ ಎಳೆಗೆ ಸುತ್ತಿ ಹಿಡಿಸು. ಇಲ್ಲದಿದ್ದರೆ ಹಾಕಿಕೊಳ್ಳುವಾಗ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ, ವಯಸ್ಸಾದವರಿಗೆ ಅದು ದೊಡ್ಡ ಕಿರಿಕಿರಿ. ಹಿಮ್ಮಡಿ ಒಂದೇ ಬಣ್ಣದಲ್ಲಿರಲಿ, ಜೊತೆಗೆ ಸಣ್ಣ ನೈಲಾನ್ ದಾರ ಸೇರಿಸಿದರೆ ಬೇಗ ಸವೆಯುವುದಿಲ್ಲ. (ಶಿರಸಿ)

ಉಣ್ಣೆ ಯಾವುದು ಅಂತ ನೀವು ಹೇಳಲಿಲ್ಲ. ಕಂಬಳಿಗೆ ಬಳಸುವ ದಖ್ಖನಿ ಕುರಿಯ ಉಣ್ಣೆ ಒರಟು, ಬರಿಗಾಲಿಗೆ ಚುಚ್ಚುತ್ತದೆ. ಮೆರಿನೋ ಅನ್ನೋ ಕುರಿಯ ಉಣ್ಣೆ ಮೆತ್ತಗಿರುತ್ತದೆ, ಆದರೆ ಬೇಗ ಸವೆಯುತ್ತದೆ. ನನ್ನ ಕೇಳಿದರೆ ಅಪ್ಪನಿಗೆ ಮೆರಿನೋನೇ ಇರಲಿ. ತೊಳೆಯುವುದನ್ನು ಮನೆಯವರಿಗೆ ಈಗಲೇ ಹೇಳಿಡಿ: ಬಿಸಿನೀರು ಬೇಡ, ಉಜ್ಜುವುದೂ ಬೇಡ. ಉಣ್ಣೆ ಗಂಟುಗಟ್ಟಿ ಕುಗ್ಗಿದರೆ ಮತ್ತೆ ಮೊದಲಿನ ಹಾಗಾಗುವುದಿಲ್ಲ. ಟವೆಲ್ಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು ನೆರಳಲ್ಲಿ ಹರವಬೇಕು. ನಮ್ಮ ಕರಾವಳಿ ಮಳೆಗಾಲದಲ್ಲಂತೂ ಒಳಗೆ ಹಸಿ ಉಳಿದದ್ದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಉಣ್ಣೆ ಸುಮಾರು ನೀರು ಹೀರಿಕೊಂಡರೂ ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ. ಬೆವರಿನ ಉಣ್ಣೆಗೆ ಹುಳ ಬೇಗ ಬೀಳುತ್ತದೆ, ತೊಳೆಯದೆ ಎತ್ತಿಡಬೇಡಿ. (ಕುಮಟಾ)

ಬಿಚ್ಚುವುದಾದರೆ ಉಣ್ಣೆಯನ್ನು ಹಾಗೇ ಮತ್ತೆ ಹೆಣೆಯಬೇಡ ತಂಗಿ. ಸುರುಳಿ ಸುರುಳಿಯಾಗಿರುತ್ತದೆ, ಕುಣಿಕೆ ಒಂದೇ ಸಮ ಬರುವುದಿಲ್ಲ. ದೊಡ್ಡ ಬಳೆಯ ಹಾಗೆ ಸುತ್ತಿ ಲಡಿ ಮಾಡಿ ನಾಲ್ಕು ಕಡೆ ಸಡಿಲವಾಗಿ ಕಟ್ಟು, ತಣ್ಣೀರಲ್ಲಿ ನೆನೆಸಿ ನೇತುಹಾಕು. ಪೂರ್ತಿ ಒಣಗಿದ ಮೇಲೆ ಹೆಣಿಗೆ ಶುರು ಮಾಡು. (ಶಿರಸಿ)